ಬರೆದಿಟ್ಟರೆ ಮಾತ್ರ ದಾಖಲೆ

ನಾನು ಇದುವರೆಗೆ ಸ್ನೂಕರ್ ಟೇಬಲ್ ಮುಟ್ಟಿಲ್ಲ. ನಮ್ಮ ಓಣಿಯಲ್ಲಿ ಇರುವುದು ಕೇರಂ ಬೋರ್ಡು. ಆದರೂ ಈ ಸಲ ಸ್ನೂಕರ್ ಬಗ್ಗೆ ಬರೆಯುತ್ತಿದ್ದೇನೆ. ಮೊಬೈಲಿನಲ್ಲಿ ಹಳೆಯ ಆಟಗಳನ್ನು ನೋಡುತ್ತಾ ಓದಿಕೊಂಡ ಒಂದು ಸಂಗತಿ ನಮ್ಮ ಕಾಲೇಜಿಗೂ ಬೇಕಾದದ್ದು ಅನ್ನಿಸಿತು.

ಮೊದಲು ಲೆಕ್ಕ. ಟೇಬಲ್ ಮೇಲೆ 15 ಕೆಂಪು ಚೆಂಡುಗಳು, ಒಂದೊಂದಕ್ಕೆ 1 ಅಂಕ. ಪ್ರತಿ ಕೆಂಪಿನ ನಂತರ ಒಂದು ಬಣ್ಣದ ಚೆಂಡು ಹಾಕಬೇಕು. ಅವುಗಳಲ್ಲಿ ಕಪ್ಪಿಗೆ ಎಲ್ಲಕ್ಕಿಂತ ಹೆಚ್ಚು, 7 ಅಂಕ. 15 ಸಲವೂ ಕಪ್ಪನ್ನೇ ಹಾಕಿದರೆ 120. ಕೊನೆಗೆ ಉಳಿದ ಆರು ಬಣ್ಣಗಳಿಂದ 27. ಒಟ್ಟು 147. ಒಂದೂ ತಪ್ಪದೆ, ಒಂದೇ ಸರದಿಯಲ್ಲಿ ಇಷ್ಟು ಮಾಡಿದರೆ ಅದು ಮ್ಯಾಕ್ಸಿಮಮ್ ಬ್ರೇಕ್.

ಈ ಆಟ ಹುಟ್ಟಿದ್ದು ನಮ್ಮ ದೇಶದಲ್ಲೇ, 1875ರಲ್ಲಿ, ಜಬಲ್‌ಪುರದಲ್ಲಿದ್ದ ಬ್ರಿಟಿಷ್ ಸೈನ್ಯಾಧಿಕಾರಿಗಳ ನಡುವೆ. ಆದರೆ ಇಂಗ್ಲೆಂಡಿನಲ್ಲಿ ಅದನ್ನು ಮನೆಮನೆಗೆ ಮುಟ್ಟಿಸಿದ್ದು ಟಿವಿ. ಬಣ್ಣದ ಟಿವಿ ಹೊಸದಾಗಿದ್ದ 1969ರಲ್ಲಿ ಬಿಬಿಸಿ 'ಪಾಟ್ ಬ್ಲ್ಯಾಕ್' ಎಂಬ ಕಾರ್ಯಕ್ರಮ ಶುರು ಮಾಡಿತು. ಬಣ್ಣ ತೋರಿಸಲು ಸ್ನೂಕರ್‌ಗಿಂತ ಒಳ್ಳೆಯ ಆಟ ಯಾವುದಿದೆ?

1979ರ ಜನವರಿಯಲ್ಲಿ ಸ್ಲೌ ಎಂಬ ಊರಿನ ಟೂರ್ನಿಯಲ್ಲಿ ಜಾನ್ ಸ್ಪೆನ್ಸರ್ 147 ಹೊಡೆದರು. ಮೂರು ಸಲ ವಿಶ್ವ ಚಾಂಪಿಯನ್ ಆಗಿದ್ದವರು ಅವರು. ಆದರೆ ಆ ಹೊತ್ತಿನಲ್ಲಿ ಟಿವಿ ಕ್ಯಾಮೆರಾ ಓಡುತ್ತಿರಲಿಲ್ಲ. ಮೇಲಾಗಿ ಟೇಬಲ್ಲಿನ ಪಾಕೆಟ್‌ಗಳು ನಿಗದಿತ ಅಳತೆಗಿಂತ ದೊಡ್ಡವಿದ್ದವು. ಆದ್ದರಿಂದ ಅದು ಅಧಿಕೃತ ದಾಖಲೆ ಆಗಲಿಲ್ಲ.

ಮೂರು ವರ್ಷದ ನಂತರ, 1982ರ ಜನವರಿ 11ರಂದು, ಓಲ್ಡಮ್‌ನಲ್ಲಿ ಸ್ಟೀವ್ ಡೇವಿಸ್ 147 ಹೊಡೆದರು. ಈ ಸಲ ಕ್ಯಾಮೆರಾ ಓಡುತ್ತಿತ್ತು, ಟೇಬಲ್ಲೂ ಸರಿ ಇತ್ತು. ಟಿವಿಯಲ್ಲಿ ಕಂಡ ಮೊದಲ 147 ಎಂದು ಇವತ್ತಿಗೂ ಅದನ್ನೇ ಹೇಳುತ್ತಾರೆ. ಡೇವಿಸ್‌ಗೆ ಬಹುಮಾನವಾಗಿ ಲಾಡಾ ಕಾರು ಸಿಕ್ಕಿತು. ಅಂದು ಎದುರಾಳಿಯ ಕುರ್ಚಿಯಲ್ಲಿ ಕೂತು ನೋಡುತ್ತಿದ್ದವರು ಯಾರು ಗೊತ್ತೇ? ಅದೇ ಜಾನ್ ಸ್ಪೆನ್ಸರ್.

1983ರಲ್ಲಿ ಕೆನಡಾದ ಕ್ಲಿಫ್ ಥಾರ್ಬರ್ನ್ ವಿಶ್ವ ಚಾಂಪಿಯನ್‌ಶಿಪ್‌ನ ಮೊದಲ 147 ಹೊಡೆದರು. ಅದರ ಮೊದಲ ಕೆಂಪು ಚೆಂಡು ಅದೃಷ್ಟದಿಂದ ಬಿದ್ದದ್ದು. ಅದೂ ಕ್ಯಾಮೆರಾದಲ್ಲಿ ಇದೆ. ಒಳ್ಳೆಯ ದಾಖಲೆ ಹೊಗಳುವುದೂ ಇಲ್ಲ, ಮುಚ್ಚಿಡುವುದೂ ಇಲ್ಲ.

ಸ್ಪೆನ್ಸರ್ ಕಥೆ ಓದಿದಾಗ ನನಗೆ ನೆನಪಾದದ್ದು ನಮ್ಮ ಆಪಾ. ನಾಲ್ಕು ವರ್ಷದ ಹಿಂದೆ ಒಂದು ಕ್ರೀಡಾಕೂಟದಲ್ಲಿ ಅವಳು ಉದ್ದ ಜಿಗಿತದಲ್ಲಿ ಮೊದಲು ಬಂದಳು. ಟೇಪು ಬಂದಿರಲಿಲ್ಲ, ಹಗ್ಗದಿಂದ ಅಳೆದರು. ಮೈಕಿನಲ್ಲಿ ಹೆಸರು ಕೂಗಿದರು, ಚಪ್ಪಾಳೆ ಬಿತ್ತು. ಸರ್ಟಿಫಿಕೇಟ್ ಆಮೇಲೆ ಎಂದರು. ಅದು ಬರಲೇ ಇಲ್ಲ. ಮುಂದೆ ಡಿಗ್ರಿಗೆ ಕ್ರೀಡಾ ಕೋಟಾದಲ್ಲಿ ಅರ್ಜಿ ಹಾಕಲು ಹೋದಾಗ ಕಿಟಕಿಯಲ್ಲಿದ್ದವರು ಕೇಳಿದ್ದು ಒಂದೇ ಮಾತು: "ಹಾರಿದ್ದು ಖರೇ ಇರಬಹುದವಾ, ಕಾಗದ ಎಲ್ಲೈತಿ?" ಅವರದೇನೂ ತಪ್ಪಿಲ್ಲ. "ಜಾನೇ ದೇ" ಎಂದು ಆಪಾ ಮನೆಗೆ ಬಂದಳು. ಆ ಮೇಲೆ ಅವಳು ಹಾರಿದ್ದನ್ನು ನಾನು ನೋಡಿಲ್ಲ.

ಕಾಮರ್ಸ್‌ನಲ್ಲಿ ನಮಗೆ ಮೊದಲ ವಾರವೇ ಕಲಿಸುತ್ತಾರೆ, ವೋಚರ್ ಇಲ್ಲದೆ ಎಂಟ್ರಿ ಇಲ್ಲ ಎಂದು. ಹಣಕ್ಕೆ ಅಷ್ಟು ಜಾಗ್ರತೆ ಇರುವಾಗ ಹುಡುಗ ಹುಡುಗಿಯರ ಬೆವರಿಗೆ ಯಾಕಿಲ್ಲ?

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ ಎಂದು ಗೆಳೆಯರು ಹೇಳುತ್ತಾರೆ. ಸ್ಟೇಟಸ್ 24 ತಾಸಿಗೆ ಹೋಗುತ್ತದೆ. ಮೆಮೊರಿ ತುಂಬಿದರೆ ವಿಡಿಯೋ ಅಳಿಸುತ್ತೇವೆ. ಇನ್ನು ಸ್ಪೆನ್ಸರ್ ವಿಷಯದಲ್ಲಿ ಕ್ಯಾಮೆರಾ ಇದ್ದಿದ್ದರೂ ಪಾಕೆಟ್ ಅಳತೆ ತಪ್ಪಿತ್ತು. ದಾಖಲೆಗೆ ಸರಿಯಾದ ಅಳತೆ ಬೇಕು, ಸಾಕ್ಷಿ ಬೇಕು, ಕಾಯ್ದಿಡುವವರೂ ಬೇಕು.

ಆಡಿದ ಸಂತೋಷವೇ ಸಾಕು ಎನ್ನುವವರೂ ಇದ್ದಾರೆ. ಸಂತೋಷವನ್ನು ಯಾರೂ ಕಸಿಯಲಾರರು, ನಿಜ. ಆದರೆ ಸಂತೋಷ ತೋರಿಸಿದರೆ ಸೀಟು ಸಿಗುವುದಿಲ್ಲ. ಬೆಂಗಳೂರಿನ ಪಂಕಜ್ ಅಡ್ವಾಣಿ 2003ರಲ್ಲಿ, 18ನೇ ವಯಸ್ಸಿಗೆ, ಚೀನಾದಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಗೆದ್ದರು. ಅವರೂ ಕಾಮರ್ಸ್ ಓದಿದವರೇ. 2024ರ ಹೊತ್ತಿಗೆ ಬಿಲಿಯರ್ಡ್ಸ್, ಸ್ನೂಕರ್ ಸೇರಿ ಅವರ ವಿಶ್ವ ಪ್ರಶಸ್ತಿಗಳು 28. ಆ ಸಂಖ್ಯೆಯನ್ನು ನಾವು ಧೈರ್ಯವಾಗಿ ಹೇಳುತ್ತೇವೆ, ಏಕೆಂದರೆ ಒಂದೊಂದನ್ನೂ ಬರೆದಿಟ್ಟವರಿದ್ದಾರೆ. ನವಲಗುಂದ, ಅಣ್ಣಿಗೇರಿ ಕಡೆಯ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬರುವ ನಮಗೆ ಕೋಚ್ ಇಲ್ಲ, ಕ್ಲಬ್ ಇಲ್ಲ. ನಮ್ಮದನ್ನು ನಾವೇ ಬರೆದಿಡಬೇಕು.

ಪ್ರಾಚಾರ್ಯರಲ್ಲಿ, ಉಪನ್ಯಾಸಕರಲ್ಲಿ ನನ್ನ ವಿನಂತಿ ಇಷ್ಟೇ. ಒಂದು ದಪ್ಪ ರಟ್ಟಿನ ರಿಜಿಸ್ಟರ್ ಲೈಬ್ರರಿಯಲ್ಲಿ ಇಡೋಣ. ಹೆಸರು, ತಾರೀಖು, ಆಟ, ಅಳತೆ, ಯಾವುದರಿಂದ ಅಳೆದದ್ದು ಎಂದು ಅದೇ ದಿನ ಬರೆಯೋಣ. ಒಬ್ಬ ಉಪನ್ಯಾಸಕರು, ಒಬ್ಬ ವಿದ್ಯಾರ್ಥಿ ಸಹಿ ಹಾಕಲಿ. ಓಟ, ಕಬಡ್ಡಿ ಮಾತ್ರವಲ್ಲ, ಕೇರಂ, ಚರ್ಚಾಸ್ಪರ್ಧೆಯೂ ಇರಲಿ. ಖರ್ಚು ನೂರೋ ಇನ್ನೂರೋ ರೂಪಾಯಿ.

ಬರುವ ಕ್ರೀಡಾಕೂಟದಿಂದಲೇ ಶುರು ಮಾಡಬಹುದು. ನಮ್ಮ ಅಬ್ಬಾ ಗೌಂಡಿ ಕೆಲಸದವರು, ಮನೆಯಲ್ಲಿ 30 ಮೀಟರಿನ ಟೇಪು ಇದೆ. ಅದನ್ನು ನಾನು ತರುತ್ತೇನೆ.