ಸೊಪ್ಪಾ? ಸೋಪಾ?

ತರಕಾರಿ ಅಂಗಡಿಯಲ್ಲಿ ನೂರು ರೂಪಾಯಿ ವ್ಯಾಪಾರ ಮಾಡಿದ ಮೇಲೆ ಕೊಸರಿಗೆ ಅಂತ ನಾಲ್ಕು ಕಡ್ಡಿ ಕೊತ್ತಂಬರಿ ಸೊಪ್ಪು ಕೇಳೋದು ನಮ್ಮ ಹಕ್ಕು ಇದ್ದ ಹಾಗೆ. ಉಪ್ಪಿಟ್ಟು, ಚಿತ್ರಾನ್ನ, ತಿಳಿಸಾರು, ಕೋಸಂಬರಿ, ಸಂಜೆ ಗಾಡಿಯ ಚುರುಮುರಿ, ಯಾವುದೇ ಇರಲಿ, ಕೊನೆಗೆ ಒಂದಿಷ್ಟು ಉದುರಿಸದಿದ್ದರೆ ಅಡುಗೆ ಮುಗಿದ ಹಾಗೇ ಅನಿಸಲ್ಲ. ಇಂಥ ಊರಲ್ಲಿ "ನಂಗೆ ಕೊತ್ತಂಬರಿ ಸೊಪ್ಪು ಆಗಲ್ಲ, ಸೋಪು ತಿಂದ ಹಾಗಾಗುತ್ತೆ" ಅನ್ನುವವರ ಪಾಡು ಕೇಳಬೇಡಿ.

ನಮ್ಮ ಅತ್ತಿಗೆ ಅಂಥವರು. ಮದುವೆಯಾಗಿ ಬಂದ ಮೊದಲ ವಾರವೇ ಸಾರಿನಿಂದ ಒಂದೊಂದೇ ಎಲೆ ತೆಗೆದು ತಟ್ಟೆಯ ಅಂಚಿಗೆ ಇಡೋದನ್ನ ಅಮ್ಮ ನೋಡಿಬಿಟ್ಟಳು. ಎರಡು ಪ್ರಶ್ನೆ ಬಂದವು. "ಹುಳಿಪುಡಿಗೆ ಹಾಕೋ ಕೊತ್ತಂಬರಿ ಬೀಜ ಆಗುತ್ತೆ, ಸೊಪ್ಪು ಮಾತ್ರ ಆಗಲ್ವಾ?" ಅನ್ನೋದು ಒಂದು. "ನಮ್ಮನೇಲಿ ಯಾರಿಗೂ ಬರದ ವಾಸನೆ ನಿಂಗೊಬ್ಬಳಿಗೆ ಹೇಗಮ್ಮಾ ಬರುತ್ತೆ?" ಅನ್ನೋದು ಇನ್ನೊಂದು. ಅಣ್ಣ ಮೊಬೈಲಿನಿಂದ ತಲೆ ಎತ್ತಲಿಲ್ಲ. ಆಮೇಲೆ ನೆಂಟರ ಬಾಯಲ್ಲಿ ಇದು "ಸೊಸೆಗೆ ಸ್ವಲ್ಪ ಧಿಮಾಕು" ಅಂತಾಯಿತು. ಒಂದು ಸೊಪ್ಪಿನ ವಿಷಯಕ್ಕೆ ಒಬ್ಬರ ಗುಣದ ಬಗ್ಗೆ ತೀರ್ಪು!

ಆದರೆ ಅಮ್ಮನ ಎರಡೂ ಪ್ರಶ್ನೆಗಳು ಒಳ್ಳೇ ಪ್ರಶ್ನೆಗಳು. ಅವಳು ಉತ್ತರಕ್ಕಾಗಿ ಕೇಳಿದ್ದಲ್ಲ ಅನ್ನೋದು ಬೇರೆ ಮಾತು.

ಮೊದಲನೇದು ಸುಲಭ. ಬೀಜ ಮತ್ತು ಸೊಪ್ಪು ಒಂದೇ ಗಿಡದ್ದು ನಿಜ, ಆದರೆ ವಾಸನೆಯ ಲೆಕ್ಕದಲ್ಲಿ ಎರಡೂ ಬೇರೆ ಬೇರೆ ಪದಾರ್ಥ. ಬೀಜದ ಘಮದಲ್ಲಿ ದೊಡ್ಡ ಪಾಲು ಲಿನಲೂಲ್ ಅನ್ನೋ ರಾಸಾಯನಿಕದ್ದು. ಹಸಿ ಎಲೆಯ ವಾಸನೆ ಮುಖ್ಯವಾಗಿ ಆಲ್ಡಿಹೈಡ್ ಗುಂಪಿನಿಂದ ಬರುತ್ತೆ: ಡೆಕನಾಲ್, ಡೆಸಿನಾಲ್, ಡೋಡೆಸಿನಾಲ್ ಹೀಗೆ. ಇದೇ ಜಾತಿಯ ಆಲ್ಡಿಹೈಡ್‌ಗಳು ಸೋಪಿನ ವಾಸನೆಯಲ್ಲೂ ಇರುತ್ತವೆ, ಮುಟ್ಟಿದರೆ ಗಬ್ಬು ವಾಸನೆ ಬಿಡೋ ಕೆಲವು ಕೀಟಗಳಲ್ಲೂ ಇರುತ್ತವೆ. ಹಾಗಾಗಿ "ಸೋಪು" ಅನ್ನೋದು ಅತ್ತಿಗೆಯ ಕಲ್ಪನೆಯಲ್ಲ. ಕೆಮಿಸ್ಟ್ರಿ ಪ್ರಕಾರ ಅವರ ಮೂಗು ಸರಿಯಾಗೇ ಹೇಳ್ತಿದೆ. ಸೋಪು ಕಾಣಿಸದಿರೋದು ನಮಗೆ.

ಎರಡನೇ ಪ್ರಶ್ನೆಗೆ ಮೂಗಿನೊಳಗೆ ಹೋಗಬೇಕು. ಮೂಗಿನ ಚಾವಣಿಯಲ್ಲಿ ಒಂದು ಪುಟ್ಟ ಜಾಗದಲ್ಲಿ ಲಕ್ಷಾಂತರ ನರಕೋಶಗಳು ಕೂತಿವೆ. ಪ್ರತಿ ಕೋಶದ ತುದಿಯಲ್ಲಿ ವಾಸನೆ ಹಿಡಿಯೋ ಪ್ರೋಟೀನ್ ಇರುತ್ತೆ. ಅದೇ ರಿಸೆಪ್ಟರ್, ಕನ್ನಡದಲ್ಲಿ ಗ್ರಾಹಕ ಅನ್ನಬಹುದು. (ಅಂಗಡಿಯ ಗ್ರಾಹಕ ನೆನಪಾದರೆ ತಪ್ಪಿಲ್ಲ, ಇದೂ ಹೊರಗಿಂದ ಬಂದದ್ದನ್ನ ತಗೊಳ್ಳೋ ಕೆಲಸವೇ.) ಈ ಪ್ರೋಟೀನು ಕೋಶದ ಪೊರೆಯನ್ನ ಸೂಜಿ ದಾರದ ಹಾಗೆ ಏಳು ಸಲ ಹೊಲಿದುಕೊಂಡು ನಿಂತಿರುತ್ತೆ. ಸರಿಯಾದ ಅಣು ಬಂದು ಅಂಟಿಕೊಂಡರೆ ಅದರ ಆಕಾರ ಸ್ವಲ್ಪ ಬದಲಾಗುತ್ತೆ, ಒಳಗೆ ಸರಪಳಿಯ ಹಾಗೆ ಒಂದರ ಹಿಂದೆ ಒಂದು ಕ್ರಿಯೆ ನಡೆದು ಕೊನೆಗೆ ವಿದ್ಯುತ್ ಸಂಕೇತ ಮಿದುಳಿಗೆ ಹೋಗುತ್ತೆ. ಕೋಡ್ ಬರೆಯೋರಿಗೆ ಹೇಳೋದಾದರೆ ಇದು ಶುದ್ಧ ಈವೆಂಟ್ ಲಿಸನರ್.

ಇದರಲ್ಲಿ ನನಗೆ ತುಂಬಾ ಹಿಡಿಸಿದ ನಿಯಮ ಏನಂದ್ರೆ, ಒಂದು ಕೋಶ ಸಾಮಾನ್ಯವಾಗಿ ಒಂದೇ ಬಗೆಯ ರಿಸೆಪ್ಟರ್ ತಯಾರಿಸುತ್ತೆ. ನೂರಾರು ಆಯ್ಕೆ ಇದ್ದರೂ ಒಂದನ್ನ ಆರಿಸಿಕೊಂಡು ಮಿಕ್ಕಿದ್ದೆಲ್ಲ ಬಂದ್. ಆದರೆ ಒಂದು ಅಣು ಹಲವು ಬಗೆಯ ರಿಸೆಪ್ಟರ್‌ಗಳನ್ನ ಬೇರೆ ಬೇರೆ ಪ್ರಮಾಣದಲ್ಲಿ ಎಬ್ಬಿಸಬಹುದು. ಹಾರ್ಮೋನಿಯಂನಲ್ಲಿ ಒಟ್ಟಿಗೆ ಒತ್ತಿದ ಮನೆಗಳ ಹಾಗೆ, ಯಾವ್ಯಾವುದು ಒಟ್ಟಿಗೆ ಎದ್ದವು ಅನ್ನೋದರ ಮೇಲೆ ಮಿದುಳು ಇದು ಮಲ್ಲಿಗೆ, ಇದು ಸೀದ ಹಾಲು ಅಂತ ಗುರುತಿಸುತ್ತೆ. ಒಂದು ಮನೆ ಕೈಕೊಟ್ಟರೆ ಸ್ವರವೇ ಬೇರೆ.

ಈ ರಿಸೆಪ್ಟರ್‌ಗಳ ಜೀನ್ ಕುಟುಂಬವನ್ನ ಮೊದಲು ಕಂಡುಹಿಡಿದವರು ಅಮೆರಿಕದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್, 1991ರಲ್ಲಿ, ಇಲಿಗಳಲ್ಲಿ. 2004ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಮನುಷ್ಯರಲ್ಲಿ ಕೆಲಸ ಮಾಡೋ ಇಂಥ ಜೀನ್‌ಗಳು ಸುಮಾರು 400. ನಮ್ಮ ಪ್ರೋಟೀನ್ ತಯಾರಿಸೋ ಜೀನ್‌ಗಳೇ ಒಟ್ಟು 20,000ದ ಆಸುಪಾಸು ಅಂದಮೇಲೆ ಇದು ಶೇ. 2ರಷ್ಟಾಯಿತು. ಬರೀ ಮೂಗಿಗೆ! ಇದರ ಜೊತೆಗೆ ಕೆಟ್ಟು ಕೂತ, ಈಗ ಕೆಲಸಕ್ಕೆ ಬಾರದ ಜೀನ್‌ಗಳೂ ನೂರಾರಿವೆ. ಹಳೇ ಪ್ರಾಜೆಕ್ಟಿನಲ್ಲಿ ಯಾರೂ ಅಳಿಸೋಕೆ ಧೈರ್ಯ ಮಾಡದೆ ಬಿಟ್ಟ ಕೋಡ್ ಇರುತ್ತಲ್ಲ, ಹಾಗೆ. ಆಫ್ರಿಕದ ಆನೆಯಲ್ಲಿ ಕೆಲಸ ಮಾಡೋವೇ ಸುಮಾರು 2,000 ಇವೆ.

ಒಂದೊಂದು ಜೀನಿನ ಮುಖ್ಯ ಭಾಗ ಸುಮಾರು ಸಾವಿರ ಅಕ್ಷರ ಅಷ್ಟೇ. ಬೆಳಗ್ಗೆ ಫ್ಯಾಮಿಲಿ ಗ್ರೂಪಿಗೆ ಬರೋ ಫಾರ್ವರ್ಡ್‌ಗಳು ಇದಕ್ಕಿಂತ ಉದ್ದ ಇರುತ್ತವೆ. ಆ ಸಾವಿರದಲ್ಲಿ ಒಂದಕ್ಷರ ಬದಲಾದರೂ ಪ್ರೋಟೀನಿನ ಆಕಾರ ಬದಲಾಗಬಹುದು. ಯಾವುದೋ ಒಂದು ವಾಸನೆ ಜೋರಾಗಬಹುದು, ಮಂಕಾಗಬಹುದು, ಮಾಯವೇ ಆಗಬಹುದು. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಯಾವುದೇ ಇಬ್ಬರನ್ನ ತಗೊಂಡರೂ ಅವರ ವಾಸನೆ ರಿಸೆಪ್ಟರ್‌ಗಳ ಜೀನ್ ಪ್ರತಿಗಳಲ್ಲಿ ಶೇ. 30ಕ್ಕೂ ಹೆಚ್ಚು ಕೆಲಸದಲ್ಲೇ ಬೇರೆಯಾಗಿರುತ್ತವೆ. ಅಂದ್ರೆ ಪಕ್ಕದಲ್ಲಿ ಕೂತವರ ಮೂಗು ನಿಮ್ಮ ಮೂಗಿನ ಕಾಪಿ ಅಲ್ಲವೇ ಅಲ್ಲ.

ಇದಕ್ಕೆ ಗಟ್ಟಿ ಸಾಕ್ಷಿ ಕೊಟ್ಟದ್ದು ಓಆರ್7ಡಿ4 ಅನ್ನೋ ರಿಸೆಪ್ಟರ್. ಆಂಡ್ರೊಸ್ಟೆನೋನ್ ಅನ್ನೋ ವಸ್ತುವನ್ನ ಮೂಸಿದರೆ ಕೆಲವರಿಗೆ ಮೂತ್ರದ ನಾತ, ಕೆಲವರಿಗೆ ವೆನಿಲಾದಂಥ ಸಿಹಿ ವಾಸನೆ, ಇನ್ನು ಕೆಲವರಿಗೆ ಏನೂ ಇಲ್ಲ. ಈ ವ್ಯತ್ಯಾಸದಲ್ಲಿ ಓಆರ್7ಡಿ4ರ ರೂಪಗಳಿಗೆ ಪಾಲಿದೆ ಅಂತ 2007ರಲ್ಲಿ ತೋರಿಸಿದರು. ಇನ್ನೂ ಖಚಿತವಾದದ್ದು ಓಆರ್5ಎ1. ವಯಲೆಟ್ ಹೂವಿನ ಘಮದಲ್ಲಿರೋ ಬೀಟಾ ಅಯೊನೋನ್ ಕೆಲವರಿಗೆ ಚೆನ್ನಾಗಿ ಗೊತ್ತಾಗುತ್ತೆ, ಕೆಲವರಿಗೆ ಹೆಚ್ಚು ಕಡಿಮೆ ಗೊತ್ತೇ ಆಗಲ್ಲ. ಈ ವ್ಯತ್ಯಾಸವನ್ನ ಬಹುಮಟ್ಟಿಗೆ ತೀರ್ಮಾನಿಸೋದು ಆ ಒಂದು ಜೀನಿನ ಒಂದೇ ಒಂದು ಅಕ್ಷರ.

ಈಗ ಕೊತ್ತಂಬರಿ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಮೊದಲು ಸಿಗೋ ಹೆಸರು ಓಆರ್6ಎ2. ಓಆರ್ ಅಂದರೆ ವಾಸನೆ ರಿಸೆಪ್ಟರ್, 6 ಕುಟುಂಬದ ಸಂಖ್ಯೆ, ಎ ಅದರ ಒಂದು ಶಾಖೆ, 2 ಆ ಶಾಖೆಯ ಸದಸ್ಯ. ಇರೋದು 11ನೇ ಕ್ರೋಮೋಸೋಮಿನಲ್ಲಿ. "ಕೊತ್ತಂಬರಿ ಜೀನ್ ಸಿಕ್ಕಿಬಿಟ್ಟಿದೆ" ಅಂತ ರೀಲ್ಸ್‌ಗಳು ಹೇಳುತ್ತವೆ. ಇಲ್ಲಿ ಸ್ವಲ್ಪ ಬ್ರೇಕ್ ಹಾಕಬೇಕು.

2012ರಲ್ಲಿ ಟ್ವೆಂಟಿತ್ರೀ ಆಂಡ್ ಮಿ ಅನ್ನೋ ಅಮೆರಿಕದ ಡಿಎನ್‌ಎ ಪರೀಕ್ಷೆ ಕಂಪನಿಯವರು ತಮ್ಮ ಸುಮಾರು 25,000 ಗ್ರಾಹಕರಿಗೆ ಕೊತ್ತಂಬರಿ ಸೊಪ್ಪಿನ ಬಗ್ಗೆ ಪ್ರಶ್ನೆ ಕೇಳಿ, ಉತ್ತರಗಳನ್ನ ಡಿಎನ್‌ಎ ಜೊತೆ ತಾಳೆ ನೋಡಿದರು. ಸೋಪು ಅಂದವರಲ್ಲಿ 11ನೇ ಕ್ರೋಮೋಸೋಮಿನ ಒಂದು ಅಕ್ಷರ ಸ್ವಲ್ಪ ಹೆಚ್ಚಾಗಿ ಒಂದು ಬಗೆಯಲ್ಲಿತ್ತು. ಆದರೆ ಆ ಅಕ್ಷರದ ಆಸುಪಾಸು ವಾಸನೆ ಜೀನ್‌ಗಳು ಎಂಟಿವೆ. ಅವುಗಳಲ್ಲಿ ಓಆರ್6ಎ2 ಆಲ್ಡಿಹೈಡ್‌ಗಳಿಗೆ ಸ್ಪಂದಿಸುತ್ತೆ ಅಂತ ಮೊದಲೇ ಗೊತ್ತಿದ್ದರಿಂದ ಅನುಮಾನ ಅದರ ಮೇಲೆ ಬಂತು. ಒಂದೇ ಸರ್ವರಿನಲ್ಲಿ ಎಂಟು ಸರ್ವಿಸ್ ಓಡ್ತಿವೆ, ಎರರ್ ಆ ಸರ್ವರಿಂದ ಬಂತು, ಒಂದರ ಹಳೇ ಚರಿತ್ರೆ ನೋಡಿ "ಇದೇ ಇರಬೇಕು" ಅನ್ನೋ ಪರಿಸ್ಥಿತಿ. ಒಳ್ಳೇ ಅನುಮಾನವೇ. ಆದರೆ ಟಿಕೆಟ್ ಕ್ಲೋಸ್ ಮಾಡೋಷ್ಟು ಅಲ್ಲ. ಜೊತೆಗೆ ಸೋಪಿನ ಅನುಭವದಲ್ಲಿ ಸಾಮಾನ್ಯ ಜೀನ್ ವ್ಯತ್ಯಾಸಗಳ ಪಾಲು ಶೇ. 10ಕ್ಕಿಂತ ಕಡಿಮೆ ಅಂತ ಅದೇ ಅಧ್ಯಯನ ಹೇಳಿದೆ. ಓಆರ್5ಎ1ರ ಹಾಗೆ ಇಲ್ಲಿ ಒಂದು ಸ್ವಿಚ್ ಇಲ್ಲ.

ಮಿಕ್ಕಿದ್ದು ಎಲ್ಲಿಂದ? ಅದೇ ವರ್ಷ ಕೆನಡಾದಲ್ಲಿ ಯುವಜನರನ್ನ ಕೇಳಿದಾಗ ಪೂರ್ವ ಏಷ್ಯಾ ಮೂಲದವರಲ್ಲಿ ಶೇ. 21, ಯುರೋಪ್ ಮೂಲದವರಲ್ಲಿ ಶೇ. 17 ಮಂದಿ ಕೊತ್ತಂಬರಿ ಸೊಪ್ಪು ಇಷ್ಟವಿಲ್ಲ ಅಂದರು. ದಕ್ಷಿಣ ಏಷ್ಯಾ ಮೂಲದವರಲ್ಲಿ ಶೇ. 7. ನನ್ನ ಅಂದಾಜು, ಇದರಲ್ಲಿ ನಮ್ಮ ಅಡುಗೆಮನೆಗಳ ಕೈವಾಡ ದೊಡ್ಡದು. ತಾಯಿ ತಿಂದದ್ದರ ರುಚಿ ಗರ್ಭಜಲ ಮತ್ತು ಎದೆಹಾಲಿನ ಮೂಲಕ ಮಗುವಿಗೆ ಪರಿಚಯವಾಗುತ್ತೆ ಅಂತ ಕ್ಯಾರೆಟ್ ರಸದ ಪ್ರಯೋಗದಲ್ಲಿ 2001ರಷ್ಟು ಹಿಂದೆಯೇ ತೋರಿಸಿದ್ದಾರೆ. ಹಲ್ಲು ಬರುವ ಮೊದಲೇ ಕೊತ್ತಂಬರಿ ಪರಿಚಯವಾದ ಮಗುವಿಗೆ ಆ ವಾಸನೆ ಅಂದರೆ ಮನೆ, ಸೋಪಲ್ಲ.

ಹಾಗಾದ್ರೆ ಅಮ್ಮನ ಪ್ರಶ್ನೆಗೆ ಉತ್ತರ? ನಮ್ಮನೇಲಿ ಯಾರಿಗೂ ಬರದ ವಾಸನೆ ಅವರಿಗೆ ಬರೋದು ಸಹಜವೇ. ನಾವು ಮನೆಯವರೆಲ್ಲ ಜೀನ್‌ಗಳನ್ನ ಹಂಚಿಕೊಂಡವರು, ಒಂದೇ ಒಲೆಯ ಅಡುಗೆ ಉಂಡು ಬೆಳೆದವರು. ನಾಲ್ಕು ಜನ ಒಂದೇ ಮಾತು ಹೇಳಿದರೆ ನಾಲ್ಕು ಸಾಕ್ಷಿ ಅನ್ಕೊಳ್ತೀವಿ, ನಿಜಕ್ಕೂ ಅದು ಒಂದೇ ಸಾಕ್ಷಿಯ ನಾಲ್ಕು ಪ್ರತಿ. ಸೊಸೆ ಬೇರೆ ಮನೆಯ ಜೀನು, ಬೇರೆ ಅಡುಗೆಮನೆಯ ನೆನಪು ಎರಡನ್ನೂ ತಂದವರು. ಅಮ್ಮನಿಗೆ ಇದನ್ನ ಹೇಳಿದೆ. "ಹಾಗಂತ ಸಾರಿಗೆ ಸೊಪ್ಪು ಹಾಕದೆ ಇರೋಕಾಗುತ್ತಾ?" ಅಂದಳು. ಈಗ ಅತ್ತಿಗೆಗೆ ಒಂದು ಬಟ್ಟಲು ಸಾರು ಮೊದಲೇ ತೆಗೆದಿಡುತ್ತಾಳೆ. ಧಿಮಾಕಿನ ಮಾತು ನೆಂಟರ ಕಡೆ ಇನ್ನೂ ಪೂರ್ತಿ ನಿಂತಿಲ್ಲ.

ನಿಮ್ಮನೇಲೂ ಇಂಥವರಿದ್ದರೆ ಒಂದು ಉಪಾಯ: ಸೊಪ್ಪನ್ನ ಹಾಗೇ ಉದುರಿಸೋ ಬದಲು ಚೆನ್ನಾಗಿ ಅರೆದು ಸ್ವಲ್ಪ ಹೊತ್ತು ಬಿಡಿ. ಎಲೆಯಲ್ಲೇ ಇರೋ ಎಂಜೈಮ್‌ಗಳು ಆಲ್ಡಿಹೈಡ್‌ಗಳನ್ನ ಬೇರೆ ವಸ್ತುಗಳಾಗಿ ಬದಲಾಯಿಸುತ್ತವೆ, ಸೋಪಿನ ಖಾರ ಕಡಿಮೆಯಾಗುತ್ತೆ. ಹಸಿ ಸೊಪ್ಪು ಮುಟ್ಟದ ಕೆಲವರಿಗೆ ಚಟ್ನಿ ಒಗ್ಗೋದು ಹೀಗೆ. ಎಲ್ಲರಿಗೂ ಒಗ್ಗಲೇಬೇಕು ಅಂತಿಲ್ಲ, ಬಲವಂತ ಬೇಡ.

ಅಂದ ಹಾಗೆ, ಇದನ್ನ ತಿಳ್ಕೊಳ್ಳೋಕೆ ಡಿಎನ್‌ಎ ಕಿಟ್ ತರಿಸೋಣ ಅನ್ನೋ ಯೋಚನೆ ಇದ್ದರೆ ದುಡ್ಡು ಉಳಿಸಿ. ಆ ದೊಡ್ಡ ಅಧ್ಯಯನ ಮುಖ್ಯವಾಗಿ ಯುರೋಪ್ ಮೂಲದವರ ಮೇಲೆ ನಡೆದದ್ದು, ಬರೋ ರಿಪೋರ್ಟಿನಲ್ಲಿ ಇರೋದು ಒಂದು "ಸಾಧ್ಯತೆ" ಅಷ್ಟೇ. ಒಂದು ಹಸಿ ಎಲೆ ಅಗಿದರೆ ಎರಡು ಸೆಕೆಂಡಿನಲ್ಲಿ ಗೊತ್ತಾಗುತ್ತೆ, ಅದೂ ಕೊಸರಿಗೆ ಸಿಕ್ಕ ಎಲೆ.