ಯಾರಿಗೆ ಹೇಳಿದ ‘ಹೌದು’ ಅದು?

ಮುಂಗಾರು ಶುರುವಾಗುವ ಹೊತ್ತಿಗೆ ಮಲೆನಾಡಿನದೋ ಕರಾವಳಿಯದೋ ಅಡಿಕೆ ಬೆಳೆಗಾರರ ಯಾವುದಾದರೂ ವಾಟ್ಸಾಪ್ ಗ್ರೂಪ್ ತೆರೆದು ನೋಡಿ. ಎಲ್ಲ ಕಡೆ ಕೊಳೆರೋಗದ್ದೇ ಮಾತು. ಒಬ್ಬರು ಕೇಳುತ್ತಾರೆ: ‘ಬೋರ್ಡೋಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು, ಅಲ್ವಾ?’ ಅದರ ಕೆಳಗೆ ಇನ್ನೊಬ್ಬರು: ‘ಸುಣ್ಣ ಅರ್ಧ ಕೆ.ಜಿ. ಹಾಕಿದ್ರೆ ಸಾಕಾಗ್ತದಾ?’ ಮೂರನೆಯವರು: ‘ನಾಳೆ ಸೊಸೈಟಿ ತೆರೆದಿರ್ತದಾ?’ ಇಷ್ಟಾದ ಮೇಲೆ ಊರಿನ ಅನುಭವಸ್ಥ ಕೃಷಿಕರೊಬ್ಬರ ಉತ್ತರ ಒಂದೇ ಪದದಲ್ಲಿ ಬಂದಿಳಿಯುತ್ತದೆ: ‘ಹೌದು.’

ಯಾರಿಗೆ ಹೇಳಿದ ‘ಹೌದು’ ಅದು? ಮೊದಲನೆಯವರಿಗಾದರೆ ಸರಿಯಾದ ಉತ್ತರ. ಶೇ 1ರ ಬೋರ್ಡೋ ದ್ರಾವಣದ ಅಳತೆ ಅದೇ. ಮೂರನೆಯವರಿಗಾದರೆ ಯಾರಿಗೂ ನಷ್ಟವಿಲ್ಲ. ಆದರೆ ಎರಡನೆಯವರು ಅದನ್ನು ತಮಗೇ ಹೇಳಿದ್ದೆಂದು ತಿಳಿದುಕೊಂಡರೆ? ಸುಣ್ಣ ಕಡಿಮೆಯಾದರೆ ದ್ರಾವಣದಲ್ಲಿ ಹುಳಿ ಗುಣ ಉಳಿಯುತ್ತದೆ, ಎಳೆ ಕಾಯಿ ಸುಡುತ್ತದೆ. ಅದಕ್ಕೇ ಹಳಬರು ತೊಳೆದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ, ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಬೇಕು ಎನ್ನುತ್ತಿದ್ದರು. ಗ್ರೂಪಿನ ಆ ‘ಹೌದು’ವನ್ನು ಪರೀಕ್ಷಿಸಲು ಅಂಥ ಕತ್ತಿ ಇಲ್ಲ. ಉತ್ತರ ಕೊಟ್ಟವರು ತಪ್ಪು ಹೇಳಿಲ್ಲ, ಕೇಳಿದವರು ತಪ್ಪು ಕೇಳಿಲ್ಲ. ಎರಡರ ನಡುವಿನ ಕೊಂಡಿ ಮಾತ್ರ ಕಾಣೆಯಾಗಿದೆ.

ಆ ಕೊಂಡಿಯ ಬಗ್ಗೆ ಬರೆಯಬೇಕು ಅನ್ನಿಸಿದ್ದು ಇದಕ್ಕೇ. ಯಾವ ಮಾತಿಗೆ ಉತ್ತರ ಕೊಡುತ್ತಿದ್ದೇವೆ, ಯಾರ ಮಾತನ್ನು ಎಷ್ಟು ಎತ್ತಿ ಹೇಳುತ್ತಿದ್ದೇವೆ ಎಂಬುದನ್ನು ನಾವು ಶಿಷ್ಟಾಚಾರದ ಪಟ್ಟಿಗೆ ಸೇರಿಸಿ, ‘ಗುಡ್ ಮಾರ್ನಿಂಗ್ ಹಾಕಬೇಡಿ’ ಎಂಬ ಸೂಚನೆಯ ಪಕ್ಕದಲ್ಲಿ ಇಟ್ಟುಬಿಟ್ಟಿದ್ದೇವೆ. ನನ್ನ ಪ್ರಕಾರ ಅದರ ಜಾಗ ಅಲ್ಲಲ್ಲ. ಇವತ್ತು ಹಳ್ಳಿಗಳಲ್ಲಿ ಔಷಧಿಯ ಅಳತೆ, ನೀರು ಬಿಡುವ ಸಮಯ, ಬೆಳೆ ವಿಮೆಯ ಕೊನೆಯ ದಿನ, ಗ್ರಾಮಸಭೆಯ ಜಗಳ ಎಲ್ಲವೂ ಗ್ರೂಪುಗಳಲ್ಲೇ ನಡೆಯುತ್ತಿವೆ. ಅಲ್ಲಿ ಮಾತು ಎತ್ತಿ ಹೇಳುವ ರೀತಿ ತಪ್ಪಿದರೆ ಬೆಳೆಯೂ ಹೋಗುತ್ತದೆ, ಮಾನವೂ ಹೋಗುತ್ತದೆ. ಜೀವ ಹೋದದ್ದನ್ನೂ ಕರ್ನಾಟಕ ಕಂಡಿದೆ.

ಅರಳಿಕಟ್ಟೆಯ ಮೇಲೆ ಈ ತೊಂದರೆ ಇರಲಿಲ್ಲ. ಮಾತಾಡುವವನು ಯಾರ ಮುಖ ನೋಡುತ್ತಾನೆ ಎಂಬುದರಲ್ಲೇ ಉತ್ತರ ಯಾರಿಗೆ ಅಂತ ಗೊತ್ತಾಗುತ್ತಿತ್ತು. ಗ್ರೂಪಿನಲ್ಲಿ ಮುಖವಿಲ್ಲ, ಬಂದ ಸರದಿ ಮಾತ್ರ ಇದೆ. ಆ ಸರದಿಯೂ ನಮ್ಮ ಕಡೆ ನಂಬುವಂಥದ್ದಲ್ಲ. ತೋಟದಲ್ಲಿ ನೆಟ್‌ವರ್ಕ್ ಇಲ್ಲ. ಬೆಳಿಗ್ಗೆ ಬರೆದ ಉತ್ತರ ಸಂಜೆ ಗುಡ್ಡ ಹತ್ತಿದಾಗ ಹೋಗುತ್ತದೆ. ಅಷ್ಟರಲ್ಲಿ ಗ್ರೂಪಿನಲ್ಲಿ ಮಾತು ಕೊಳೆರೋಗದಿಂದ ಕರೆಂಟಿಗೆ, ಕರೆಂಟಿನಿಂದ ಯಾರದೋ ಮನೆಯ ಗೃಹಪ್ರವೇಶಕ್ಕೆ ಬಂದಿರುತ್ತದೆ. ‘ಬೇಡ, ಈ ವರ್ಷ ಮುಂದೂಡಿ’ ಎಂಬ ಸಾಲು ಗೃಹಪ್ರವೇಶದ ಆಮಂತ್ರಣದ ಕೆಳಗೆ ಹೋಗಿ ಕೂರುತ್ತದೆ. ಇದಕ್ಕೆ ನಗಬಹುದು. ಔಷಧಿಯ ಅಳತೆಯ ಕೆಳಗೆ ಕೂತಾಗ ನಗು ಬರುವುದಿಲ್ಲ.

ಇದು ವಾಟ್ಸಾಪಿನಿಂದ ಹುಟ್ಟಿದ ಸಮಸ್ಯೆಯೂ ಅಲ್ಲ. 1995ರ ಅಕ್ಟೋಬರ್‌ನಲ್ಲಿ, ಇಂಟರ್‌ನೆಟ್ ಇನ್ನೂ ಹೆಚ್ಚಿನ ಭಾರತೀಯರಿಗೆ ಹೆಸರಾಗಿಯೂ ಗೊತ್ತಿಲ್ಲದಿದ್ದಾಗ, ಇಂಟೆಲ್ ಕಂಪನಿಯ ಸ್ಯಾಲಿ ಹ್ಯಾಂಬ್ರಿಡ್ಜ್ ಅವರು ಸಿದ್ಧಪಡಿಸಿದ ‘ಆರ್‌ಎಫ್‌ಸಿ 1855’ ಎಂಬ ದಾಖಲೆ ಹೊರಬಂತು. ಇಮೇಲ್ ಪಟ್ಟಿಗಳಲ್ಲಿ, ಯೂಸ್‌ನೆಟ್ ಎಂಬ ಹಳೆಯ ಚರ್ಚಾಕೂಟಗಳಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬುದರ ಕೈಪಿಡಿ ಅದು. ಉತ್ತರ ಬರೆಯುವಾಗ ಮೂಲ ಮಾತಿನ ಸಾರವನ್ನು ಮೇಲೆ ಬರೆಯಿರಿ, ಇಲ್ಲವೇ ಸಂದರ್ಭ ತಿಳಿಯುವಷ್ಟನ್ನು ಮಾತ್ರ ಎತ್ತಿ ಹಾಕಿ, ಇಡೀ ಮೂಲವನ್ನು ಸುರಿಯಬೇಡಿ ಎಂದು ಅದು ಹೇಳಿತ್ತು. ಕಾರಣವನ್ನೂ ಕೊಟ್ಟಿತ್ತು. ಆಗ ಸಂದೇಶಗಳು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ದಾಟುತ್ತ ಹೋಗುತ್ತಿದ್ದುದರಿಂದ, ಕೆಲವರಿಗೆ ಪ್ರಶ್ನೆಗಿಂತ ಮೊದಲೇ ಉತ್ತರ ತಲುಪುವ ಸಾಧ್ಯತೆ ಇತ್ತು. ಗುಡ್ಡ ಹತ್ತಿ ನೆಟ್‌ವರ್ಕ್ ಹುಡುಕುವ ನಮಗೆ ಈ ಮಾತು ಬೇರೆ ಯಾರಿಗಿಂತ ಬೇಗ ಅರ್ಥವಾಗಬೇಕು.

ಆಗಿನವರು ಎತ್ತಿದ ಸಾಲಿನ ಮುಂದೆ ಬಾಣದ ಮೂತಿಯಂಥ ಒಂದು ಗುರುತು ಹಾಕುತ್ತಿದ್ದರು. ಇದು ನಿನ್ನ ಮಾತು, ಇದರ ಕೆಳಗಿನದು ನನ್ನ ಮಾತು ಎಂದು ಗೆರೆ ಎಳೆಯುವ ಕೆಲಸ ಅದರದು. ವಾಟ್ಸಾಪಿನಲ್ಲಿ ಅದೇ ಕೆಲಸಕ್ಕೆ 2016ರಲ್ಲಿ ‘ರಿಪ್ಲೈ’ ಬಂತು. ಸಂದೇಶವನ್ನು ಬಲಕ್ಕೆ ಎಳೆದರೆ ಅದು ಪುಟ್ಟ ಪೆಟ್ಟಿಗೆಯಾಗಿ ನಮ್ಮ ಉತ್ತರದ ತಲೆಯ ಮೇಲೆ ಕೂರುತ್ತದೆ. ಹತ್ತು ವರ್ಷದ ಹುಡುಗನಿಗೂ ಗೊತ್ತಿರುವ ವಿದ್ಯೆ ಇದು. ಹಾಗಿದ್ದೂ ನಮ್ಮ ಎಷ್ಟೋ ಗ್ರೂಪುಗಳಲ್ಲಿ ಪೆಟ್ಟಿಗೆಯಿಲ್ಲದ ಬಿಡಿ ಉತ್ತರಗಳೇ ಬೀಳುತ್ತಿರುತ್ತವೆ. ಬರೆದವರಿಗೆ ಎರಡು ಸೆಕೆಂಡ್ ಉಳಿಯಿತು. ಓದುವ ಇನ್ನೂರು ಜನ ಮೇಲೆ ಕೆಳಗೆ ಉಜ್ಜಿ ಹುಡುಕುತ್ತಾರೆ, ಇಲ್ಲವೇ ತಮಗೆ ತೋಚಿದ ಅರ್ಥ ಮಾಡಿಕೊಳ್ಳುತ್ತಾರೆ.

ಪೆಟ್ಟಿಗೆ ಹಾಕಿದರೆ ಎಲ್ಲವೂ ಮುಗಿಯಿತು ಎಂದೂ ಅಲ್ಲ. ಸಂದೇಶ ಉದ್ದವಿದ್ದರೆ ಪೆಟ್ಟಿಗೆಯಲ್ಲಿ ಮೊದಲ ಕೆಲವು ಸಾಲು ಮಾತ್ರ ಕಾಣುತ್ತದೆ. ಪಿಡಿಒ ಒಬ್ಬರು ಗ್ರಾಮಸಭೆಯ ಎಂಟು ನಿರ್ಣಯಗಳನ್ನು ಒಟ್ಟಿಗೆ ಹಾಕಿದ್ದಾರೆ ಅಂದುಕೊಳ್ಳಿ. ಅದಕ್ಕೆ ‘ಇದಕ್ಕೆ ನಮ್ಮ ವಿರೋಧವಿದೆ’ ಎಂದು ರಿಪ್ಲೈ ಕೊಟ್ಟರೆ ವಿರೋಧ ಯಾವುದಕ್ಕೆ? ಕಸ ವಿಲೇವಾರಿಗೋ, ಶಾಲೆಯ ಕಾಂಪೌಂಡಿಗೋ? ‘ಆರನೆಯದು, ಸ್ಮಶಾನದ ರಸ್ತೆ, ಅದಕ್ಕೆ ವಿರೋಧವಿದೆ’ ಎಂದು ಬರೆಯಲು ಎಷ್ಟು ಹೊತ್ತು ಬೇಕು? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಹಿಂದೆಯೂ ಇದ್ದರು. ಈಗ ಅವರ ಕೈಗೆ ಮೊಬೈಲ್ ಬಂದಿದೆ, ಅಷ್ಟೇ. ಪೂರ್ತಿ ಓದದೆ ಕೊಡುವ ಉತ್ತರಕ್ಕೆ ಯಾವ ಪೆಟ್ಟಿಗೆಯೂ ಮದ್ದಲ್ಲ.

ಧ್ವನಿ ಸಂದೇಶದ ಕಥೆ ಇನ್ನೊಂದು. ಬರೆಯಲು ಬಾರದವರಿಗೆ, ಕಣ್ಣು ಮಂಜಾದವರಿಗೆ ಅದು ದೊಡ್ಡ ಉಪಕಾರ. ಆದರೆ ಅದಕ್ಕೆ ರಿಪ್ಲೈ ಕೊಟ್ಟಾಗ ಪೆಟ್ಟಿಗೆಯಲ್ಲಿ ಕಾಣುವುದು ಎಷ್ಟು ನಿಮಿಷದ್ದು ಎಂಬ ಲೆಕ್ಕ ಮಾತ್ರ. ಮೂರು ನಿಮಿಷ ಮಾತಾಡಿದ ಅಜ್ಜಿ ಯಾವುದನ್ನು ಕೇಳಿದರು ಎಂಬುದು ಉಳಿದವರಿಗೆ ಗೊತ್ತಾಗುವುದಿಲ್ಲ. ಉತ್ತರ ಕೊಡುವವರು ಒಂದು ಸಾಲು ಸೇರಿಸಬೇಕು: ‘ಪಿಂಚಣಿ ಎರಡು ತಿಂಗಳಿಂದ ಬಂದಿಲ್ಲ ಅಂತ ಅಮ್ಮ ಕೇಳಿದ್ದಾರೆ, ನನಗೆ ಹಾಗೆ ಅರ್ಥವಾಯಿತು.’ ಆ ಕೊನೆಯ ಮೂರು ಪದ ಮುಖ್ಯ. ನಾವು ಸಾರ ಬರೆಯುವಾಗ ಅದು ನಮ್ಮ ತಿಳಿವಳಿಕೆ ಎಂದು ಒಪ್ಪಿಕೊಂಡರೆ, ತಪ್ಪಿದ್ದಲ್ಲಿ ತಿದ್ದಲು ಅವರಿಗೆ ಜಾಗ ಸಿಗುತ್ತದೆ.

ಇನ್ನು ಅರ್ಧ ಎತ್ತುವ ವಿಷಯ. ಏನನ್ನೂ ಎತ್ತದಿದ್ದರೆ ಗೊಂದಲವಾಗುತ್ತದೆ. ಅರ್ಧ ಎತ್ತಿದರೆ ಅನ್ಯಾಯವಾಗುತ್ತದೆ. 2018ರ ಬೇಸಿಗೆ ನೆನಪಿದೆಯಲ್ಲ? ಬೈಕಿನಲ್ಲಿ ಬಂದವರು ರಸ್ತೆಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ದೇಶವೆಲ್ಲ ಸುತ್ತಿತು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆಂದು ತಯಾರಿಸಿದ್ದ ಚಿತ್ರ. ಮೂಲದಲ್ಲಿ ಬೈಕಿನವರು ವಾಪಸ್ ಬಂದು ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಕತ್ತರಿಸಿದ್ದರು. ಒಂದು ಸುಳ್ಳನ್ನೂ ಹೊಸದಾಗಿ ಸೇರಿಸಬೇಕಾಗಲಿಲ್ಲ, ನಿಜದ ಬಾಲ ಕತ್ತರಿಸಿದ್ದೇ ಸಾಕಾಯಿತು.

ಇಂಥವು ಹಬ್ಬಿಸಿದ ಮಕ್ಕಳ ಕಳ್ಳರ ಭಯದಲ್ಲೇ ಆ ವರ್ಷದ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಗುಂಪು ಹೊಡೆದು ಕೊಂದಿತು. ಜೊತೆಗಿದ್ದವರು ಗಾಯಗೊಂಡರು. ಅವರು ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದರು, ಅಷ್ಟೇ. ಹಿಂದಿನ ಊರಿನಿಂದ ಅವರ ಕಾರು ಹೊರಟಾಗ ಅವರಿಗಿಂತ ಮೊದಲೇ ವಾಟ್ಸಾಪ್ ಸಂದೇಶ ಮುರ್ಕಿ ತಲುಪಿತ್ತು. ಆ ತಿಂಗಳೇ ವಾಟ್ಸಾಪ್ ‘ಫಾರ್ವರ್ಡೆಡ್’ ಎಂಬ ಗುರುತು ಹಾಕತೊಡಗಿತು, ಭಾರತದಲ್ಲಿ ಒಮ್ಮೆಗೆ ಐದು ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಎಂಬ ಮಿತಿ ತಂದಿತು. 2020ರ ಏಪ್ರಿಲ್‌ನಲ್ಲಿ, ಹಲವು ಬಾರಿ ಕೈ ಬದಲಿಸಿದ ಸಂದೇಶಕ್ಕೆ ಆ ಮಿತಿ ಒಂದಕ್ಕಿಳಿಯಿತು. ಒಳ್ಳೆಯದೇ. ಆದರೆ ಕಂಪನಿ ವೇಗಕ್ಕೆ ಕಡಿವಾಣ ಹಾಕಬಹುದು. ಕತ್ತರಿಸಿದ ಬಾಲವನ್ನು ಅಂಟಿಸಲಾರದು.

ನಾವು ಪತ್ರಿಕೋದ್ಯಮ ಓದಿದವರಿಗೆ ಇದು ಹೊಸ ಪಾಠವಲ್ಲ. ಯಾರು ಹೇಳಿದರು, ಯಾವಾಗ, ಯಾವ ಪ್ರಶ್ನೆಗೆ ಹೇಳಿದರು ಎಂಬುದಿಲ್ಲದೆ ಉದ್ಧರಣ ಚಿಹ್ನೆ ಹಾಕಬಾರದು ಎಂದು ನಮಗೆ ಕಲಿಸಿದ್ದಾರೆ. ‘ರಸ್ತೆ ಆಗುವುದಿಲ್ಲ ಎಂದರು ಶಾಸಕರು’ ಎಂದು ಬರೆಯುವುದಕ್ಕೂ ‘ಮಳೆಗಾಲ ಮುಗಿಯುವ ತನಕ ರಸ್ತೆ ಆಗುವುದಿಲ್ಲ ಎಂದರು’ ಎಂದು ಬರೆಯುವುದಕ್ಕೂ ಇರುವ ವ್ಯತ್ಯಾಸ ಗೊತ್ತಿಲ್ಲದವರು ಸುದ್ದಿ ಮಾಡಬಾರದು. ಆದರೆ ಈಗಿನ ತಾಲ್ಲೂಕು ವರದಿಗಳನ್ನು ನೋಡಿ. ‘ಜಾಲತಾಣದಲ್ಲಿ ಹರಿದಾಡುತ್ತಿದೆ’ ಎಂಬ ಒಂದು ಸಾಲಿನ ನೆರಳಲ್ಲಿ ಸ್ಕ್ರೀನ್‌ಶಾಟ್‌ಗಳೇ ಸುದ್ದಿಯಾಗುತ್ತಿವೆ. ಹೇಳಿದವರಿಗೆ ಒಂದು ಫೋನ್ ಮಾಡಿ ಕೇಳುವ ಪದ್ಧತಿ ಸವೆಯುತ್ತಿದೆ.

ಸ್ಕ್ರೀನ್‌ಶಾಟ್ ಸಾಕ್ಷಿಯಂತೆ ಕಾಣುತ್ತದೆ, ಅದೇ ಅದರ ಅಪಾಯ. ಚೌಕಟ್ಟಿನ ಮೇಲೆ ಕೆಳಗೆ ಏನಿತ್ತು ಎಂಬುದನ್ನು ಅದು ಹೇಳುವುದಿಲ್ಲ. ರಿಪ್ಲೈ ಪೆಟ್ಟಿಗೆಯೊಳಗಿನ ಮಾತನ್ನೇ ಬದಲಿಸಿ ಕಳಿಸಲು ಸಾಧ್ಯ ಎಂದು ಇಸ್ರೇಲ್ ಮೂಲದ ಚೆಕ್ ಪಾಯಿಂಟ್ ಸಂಸ್ಥೆಯ ಸಂಶೋಧಕರು 2018ರಲ್ಲೇ ತೋರಿಸಿದ್ದರು. ಇದಕ್ಕಿಂತ ದೊಡ್ಡ ಪ್ರಶ್ನೆ ಒಪ್ಪಿಗೆಯದು. ಸ್ತ್ರೀಶಕ್ತಿ ಸಂಘದ ಇಪ್ಪತ್ತು ಮಂದಿಯ ಗ್ರೂಪಿನಲ್ಲಿ ಒಬ್ಬಾಕೆ ‘ಈ ವಾರ ಕಂತು ಕಟ್ಟೋಕೆ ಆಗಲ್ಲ’ ಎಂದು ಬರೆದದ್ದು ಆ ಇಪ್ಪತ್ತು ಮಂದಿಗೆ. ಅದನ್ನು ಯಾರೋ ಊರಿನ ಗ್ರೂಪಿಗೆ ಹಾಕಿದರೆ ಪದ ಒಂದೂ ಬದಲಾಗಿರುವುದಿಲ್ಲ, ಆದರೂ ಆಕೆಯ ಮಾತು ಮಾತಾಗಿ ಉಳಿಯುವುದಿಲ್ಲ, ಹರಾಜಾಗಿರುತ್ತದೆ. ಮಾತು ಆಡಿದರೆ ಹೋಯಿತು ಎನ್ನುತ್ತದೆ ಗಾದೆ. ಈಗ ಮಾತು ಹೋಗುವುದೇ ಇಲ್ಲ. ಬರೆದವರು ಅಳಿಸಿದರೂ ಅದಕ್ಕೆ ಕೊಟ್ಟ ರಿಪ್ಲೈನ ಪೆಟ್ಟಿಗೆಯಲ್ಲಿ ಹಾಗೇ ಉಳಿದಿರುತ್ತದೆ. ಒಬ್ಬರು ಸಿಟ್ಟಿನಲ್ಲಿ ಬರೆದು ಅಳಿಸಿದ ಮಾತನ್ನು ಆ ಪೆಟ್ಟಿಗೆಯಿಂದ ಹೆಕ್ಕಿ ತರುವುದು ಜಾಣತನವಲ್ಲ. ವಾಪಸ್ ತೆಗೆದುಕೊಂಡ ಮಾತಿಗೆ ವಾಪಸ್ ಹೋಗಲು ಬಿಡಬೇಕು.

ಇದೆಲ್ಲ ಓದುಬರಹ ಬಲ್ಲವರ ನಿಯಮ, ಹಳ್ಳಿಯ ಗ್ರೂಪಿಗೆ ಇಷ್ಟು ಶಿಸ್ತು ಹೇರಿದರೆ ಬಡವರು, ಹಿರಿಯರು ಬಾಯಿ ಮುಚ್ಚಿಕೊಳ್ಳುತ್ತಾರೆ ಎಂಬ ಆಕ್ಷೇಪ ಇದೆ. ಅದನ್ನು ತಳ್ಳಿಹಾಕಲಾಗದು. ಕಾಗುಣಿತ ತಪ್ಪಿದ್ದಕ್ಕೆ ನಕ್ಕು, ಗ್ರೂಪಿನಿಂದಲೇ ಜನ ದೂರವಾಗುವಂತೆ ಮಾಡುವವರೂ ಇದ್ದಾರೆ. ಆದ್ದರಿಂದ ಭಾರ ಕೇಳುವವರ ಮೇಲಲ್ಲ, ಉತ್ತರಿಸುವವರ ಮೇಲೆ ಇರಲಿ. ಪ್ರಶ್ನೆ ಹೇಗೆ ಬೇಕಾದರೂ ಬರಲಿ, ತೊದಲುತ್ತ ಬರಲಿ, ಧ್ವನಿಯಲ್ಲಿ ಬರಲಿ. ಗೊತ್ತಿರುವವರು, ಓದಿದವರು, ಅಧಿಕಾರದಲ್ಲಿರುವವರು ಉತ್ತರಿಸುವಾಗ ಕೊಂಡಿ ಹಾಕಲಿ. ರಿಪ್ಲೈ ಎಳೆಯಲು ಬಾರದಿದ್ದರೆ ಹೆಸರು ಹೇಳಿದರೂ ಸಾಕು: ‘ಸುಣ್ಣ ಅರ್ಧ ಸಾಕಾ ಅಂದ್ರಲ್ಲ ಮಾವ, ಸಾಲದು, ಒಂದು ಕೆ.ಜಿ. ಬೇಕು.’ ಪ್ರಶ್ನೆಯೂ ಉತ್ತರವೂ ಒಂದೇ ಸಾಲಿನಲ್ಲಿ ಬಂತು. ಇದನ್ನು ಯಾರಾದರೂ ಬೇರೆಡೆ ಫಾರ್ವರ್ಡ್ ಮಾಡಿದರೂ ಅರ್ಥ ಕೆಡುವುದಿಲ್ಲ. ಪೆಟ್ಟಿಗೆಗಿಂತ ಇದೇ ಗಟ್ಟಿ.

ಗ್ರೂಪಿನ ಅಡ್ಮಿನ್‌ಗಳಿಗೂ ಒಂದು ಮಾತು. ಸದಸ್ಯರು ಹಾಕುವ ಆಕ್ಷೇಪಾರ್ಹ ಸಂದೇಶಕ್ಕೆ ಅಡ್ಮಿನ್ ಆದ ಮಾತ್ರಕ್ಕೆ ಹೊಣೆಯಾಗುವುದಿಲ್ಲ ಎಂದು 2022ರಲ್ಲಿ ಕೇರಳ ಹೈಕೋರ್ಟ್ ಹೇಳಿತು. ಕಾನೂನು ಕೈಬಿಟ್ಟಿತೆಂದು ನೆರೆಹೊರೆಯ ಹೊಣೆ ತಪ್ಪುವುದಿಲ್ಲ. ಅರ್ಧ ಮಾತು ಬಂದಾಗ ‘ಪೂರ್ತಿ ಹಾಕಿ’ ಎನ್ನಬಹುದು. ಕೊಂಡಿಯಿಲ್ಲದ ‘ಹೌದು’ ಬಿದ್ದಾಗ ‘ಯಾರಿಗೆ ಅಣ್ಣಾ?’ ಎಂದು ಕೇಳಬಹುದು. ಕೇಳಿದರೆ ದೊಡ್ಡವರು ಬೇಜಾರಾಗುತ್ತಾರೆ ಎಂಬ ಸಂಕೋಚ ಬೇಡ. ಎರಡು ಸಲ ಕೇಳಿಸಿಕೊಂಡವರು ಮೂರನೇ ಸಲ ತಾವೇ ಹೇಳಿ ಬರೆಯುತ್ತಾರೆ.

ಮಳೆ ಹತ್ತಿರ ಬಂದಿದೆ. ನಿಮ್ಮೂರ ಗ್ರೂಪಿನಲ್ಲೂ ಅಳತೆ ಕೇಳುವವರು ಇರುತ್ತಾರೆ. ಗೊತ್ತಿದ್ದರೆ ಉತ್ತರಿಸಿ. ಉತ್ತರಿಸುವ ಮೊದಲು ಅವರ ಪ್ರಶ್ನೆಯನ್ನು ಒಮ್ಮೆ ಬಲಕ್ಕೆ ಎಳೆಯಿರಿ.