ನಮ್ಮ ಕೆಸರಿಗಿಳಿಸಿ ತೋರಿಸದೆ ರೋಟವೇಟರ್ ಮಾರಬೇಡಿ

ಉಡುಪಿ ಜಿಲ್ಲೆಯ ರೈತರಿಗೆ ಉಳುಮೆ ಯಂತ್ರ ಮಾರುವವರಿಗೂ, ಸಹಾಯಧನದಲ್ಲಿ ಅದನ್ನು ಕೊಡಿಸುವ ಅಧಿಕಾರಿಗಳಿಗೂ ಈ ಪತ್ರ.

ಉಡುಪಿ ಪೇಟೆಯ ಬನ್ನಂಜೆಯಲ್ಲಿ ಇನ್ನೂ ಗದ್ದೆ ಉಂಟಾ ಎಂದು ಕೇಳುವವರಿದ್ದಾರೆ. ಉಂಟು. ಮನೆಗಳ ಹಿಂದೆ, ಕಂಪೌಂಡುಗಳ ನಡುವೆ, ರಸ್ತೆಗೆ ಕಾಣದ ಹಾಗೆ ಉಂಟು. ನಮ್ಮದು ಒಂದೂಕಾಲು ಎಕರೆ. ಅದೂ ಹನ್ನೊಂದು ತುಂಡು. ಕೆಳಗಿನ ನಾಲ್ಕು ಬೈಲು ಗದ್ದೆ, ಮೇಲಿನವು ಮಜಲು. ಬೈಲಿನಲ್ಲಿ ಜೂನ್ ತಿಂಗಳಲ್ಲಿ ಮೊಣಕಾಲಿನವರೆಗೆ ಕೆಸರು. ಟ್ರ್ಯಾಕ್ಟರ್ ಗದ್ದೆಗೆ ಇಳಿಯಬೇಕಾದರೆ ಪಕ್ಕದ ಮನೆಯವರ ಅಂಗಳ ದಾಟಿ, ಎರಡು ಕಡೆ ಗದ್ದೆಯಂಚಿನ ಹುಣಿ ಕಡಿದು ಹೋಗಬೇಕು.

ಈ ಗದ್ದೆಗಾಗಿ ನಾನೂ ನನ್ನ ಭಾವನೂ ಸೇರಿ ಒಂದು ರೋಟವೇಟರ್ ಕೊಂಡೆವು. ನಮ್ಮಲ್ಲಿದ್ದದ್ದು 24 ಎಚ್.ಪಿ.ಯ ಮಿನಿ ಟ್ರ್ಯಾಕ್ಟರ್. ಅಂಗಡಿಯವರು ಐದು ಅಡಿಯದನ್ನು ತೋರಿಸಿದರು. "ಅಗಲ ಜಾಸ್ತಿ ಇದ್ರೆ ಕೆಲಸ ಬೇಗ ಆಗ್ತದೆ ಮಾರಾಯ್ರೆ, ನಾಲ್ಕಡಿಯದು ಈಗ ಸ್ಟಾಕ್ ಇಲ್ಲ" ಎಂದರು. ಸಹಾಯಧನದ ಅರ್ಜಿ ಹಾಕುವಾಗ ಕೈಗೆ ಬಂದ ಪಟ್ಟಿಯಲ್ಲಿ ಕಂಪನಿಯ ಹೆಸರು ಮತ್ತು ದರ ಇದ್ದವು. ಎಷ್ಟು ತೂಕ, ಯಾವ ಟ್ರ್ಯಾಕ್ಟರಿಗೆ ಹೊಂದುತ್ತದೆ, ನೀರಿನಲ್ಲಿ ಓಡಿಸಬಹುದೇ ಎಂಬ ಒಂದು ಸಾಲೂ ಇರಲಿಲ್ಲ. ವಿವರ ಪುಸ್ತಿಕೆ ಇಂಗ್ಲಿಷಿನಲ್ಲಿತ್ತು. ನಾವು ಸಹಿ ಹಾಕಿದೆವು.

ಆಮೇಲಿನದು ಹೀಗಾಯಿತು. ಮಜಲಿನಲ್ಲಿ ಹೇಗೋ ಓಡಿದ ಯಂತ್ರ ಬೈಲಿಗಿಳಿದೊಡನೆ ಎಂಜಿನ್ ಉಸಿರುಗಟ್ಟಿ ನಿಲ್ಲತೊಡಗಿತು. ಹುಣಿ ಹತ್ತಿಸುವಾಗ ಹಿಂದಿನ ಭಾರಕ್ಕೆ ಮುಂದಿನ ಗಾಲಿ ನೆಲ ಬಿಟ್ಟು ಎದ್ದಿತು. ಭಾವ ಬಿದ್ದು ಏನಾದರೂ ಆಗಿದ್ದರೆ ಎಂದು ನೆನೆದರೆ ಈಗಲೂ ಕೈ ನಡುಗುತ್ತದೆ. ಮೂರನೆಯ ದಿನ ಗೇರ್‌ಬಾಕ್ಸಿನ ಎಣ್ಣೆ ಇಳಿಸಿ ನೋಡಿದರೆ ಮಜ್ಜಿಗೆಯ ಹಾಗೆ ಬೆಳ್ಳಗಾಗಿತ್ತು. ಆಯಿಲ್ ಸೀಲ್ ಹೋಗಿ ಕೆಸರುನೀರು ಒಳಗೆ ಸೇರಿತ್ತು. ಸೀಲ್ ಬರಲು ಹನ್ನೆರಡು ದಿನ ಹಿಡಿಯಿತು. ಅಷ್ಟರಲ್ಲಿ ಭತ್ತದ ನೇಜಿ ಬಲಿತುಹೋಗಿತ್ತು. ಕೊನೆಗೆ ಬಾಡಿಗೆಯ ಪವರ್ ಟಿಲ್ಲರ್ ತಂದು ಬೈಲು ಮುಗಿಸಿದೆವು.

ತಪ್ಪು ಎಲ್ಲಿ ಆಯಿತೆಂದು ನಾನು ಹಣ ಕೊಟ್ಟಮೇಲೆ ಕಲಿತೆ. ಅಂಗಡಿಯ ಕಟ್ಟೆಯಲ್ಲೇ ಅದನ್ನು ಹೇಳಬಹುದಿತ್ತು. 24 ಎಚ್.ಪಿ. ಎಂಬುದು ಎಂಜಿನ್ನಿನ ಲೆಕ್ಕ. ರೋಟವೇಟರನ್ನು ತಿರುಗಿಸುವ ಹಿಂದಿನ ಪಿಟಿಒ ದಂಡಕ್ಕೆ ಬಂದು ಮುಟ್ಟುವುದು ಇಪ್ಪತ್ತರ ಆಸುಪಾಸು. ಐದು ಅಡಿಯ ಯಂತ್ರಕ್ಕೆ ಸಾಮಾನ್ಯವಾಗಿ 35ರಿಂದ 45 ಎಚ್.ಪಿ.ಯ ಟ್ರ್ಯಾಕ್ಟರ್ ಬೇಕು. ಇನ್ನು ಅಗಲದ ಲೆಕ್ಕ ಇನ್ನೂ ಸರಳ: ಹಿಂದಿನ ಎರಡು ಗಾಲಿಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯಬೇಕು, ಗಾಲಿಯ ಗುರುತು ಮುಚ್ಚುವಷ್ಟು ಅಗಲ ಇದ್ದರೆ ಸಾಕು. ನಮ್ಮ ಟ್ರ್ಯಾಕ್ಟರಿನ ಅಳತೆ ಮೂರೂಮುಕ್ಕಾಲು ಅಡಿ. ನಾಲ್ಕು ಅಡಿಯ ಹಗುರ ಮಾದರಿ ನಮಗೆ ಧಾರಾಳವಾಗುತ್ತಿತ್ತು. ಒಂದು ಅಳತೆ ಟೇಪು ಹಿಡಿಯುವಷ್ಟು ಹೊತ್ತಿನ ಕೆಲಸ ಅದು. ಯಾರೂ ಹಿಡಿಯಲಿಲ್ಲ, ಹಿಡಿಯಬೇಕೆಂದು ನಮಗೆ ಗೊತ್ತಿರಲಿಲ್ಲ.

ನನ್ನ ಅಪ್ಪ ಕೋಣ ಕೊಳ್ಳುತ್ತಿದ್ದ ಕಾಲ ನೆನಪಾಗುತ್ತದೆ. ಎಂಥ ನಂಬಿಕೆಯ ದಲ್ಲಾಳಿ ತಂದರೂ ಅಪ್ಪ ಅದನ್ನು ಮೊದಲು ನಮ್ಮ ಗದ್ದೆಗಿಳಿಸಿ, ನೊಗ ಹೂಡಿ, ನಾಲ್ಕು ಸುತ್ತು ಹೊಡೆದು ನೋಡುತ್ತಿದ್ದರು. ಮಾರುವವನೂ ಅದಕ್ಕೆ ತಯಾರಾಗಿಯೇ ಬರುತ್ತಿದ್ದ. ಲಕ್ಷ ರೂಪಾಯಿಯ ಆಸುಪಾಸಿನ ಯಂತ್ರಕ್ಕೆ ಆ ಪದ್ಧತಿ ಯಾಕಿಲ್ಲ?

ಈ ಯಂತ್ರ ಹುಟ್ಟಿದ್ದೇ ಹೊಲದ ಪರೀಕ್ಷೆಯಿಂದ. 1912ರಲ್ಲಿ ಆಸ್ಟ್ರೇಲಿಯದ ಗಿಲ್ಗಂಡ್ರದಲ್ಲಿ ಕ್ಲಿಫ್ ಹೊವಾರ್ಡ್ ಎಂಬ ಹುಡುಗ ತನ್ನ ತಂದೆಯ ಹೊಲದಲ್ಲೇ ತಿರುಗುವ ಅಲಗುಗಳನ್ನು ಕಟ್ಟಿ ಓಡಿಸಿ ನೋಡಿದ. ಮೊದಲಿನ ಅಲಗು ಮಣ್ಣನ್ನು ಬದಿಗೆ ಎಸೆಯುತ್ತಿತ್ತು. ನೋಡಿ, ತಿದ್ದಿ, ಎಲ್ ಆಕಾರದ ಅಲಗು ಮಾಡಿದ. ಆ ಹೊಲ ಒಣ ಹೊಲ. ನಮ್ಮದು ಮುಂಗಾರಿನಲ್ಲೇ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು. ಅಲ್ಲಿನ ಅಲಗು ಇಲ್ಲಿಗೆ ಸರಿಯೇ ಎಂದು ಇಲ್ಲಿಯೇ ನೋಡಬೇಕಲ್ಲವೇ?

ಒಂದೇ ಜಿಲ್ಲೆಯೊಳಗೂ ಮಣ್ಣು ಒಂದೇ ಅಲ್ಲ. ಕಾಪು ಕಡೆಗೆ, ಮಟ್ಟುವಿನಲ್ಲಿ, ಭತ್ತ ಮುಗಿದಮೇಲೆ ಗುಳ್ಳ ಬದನೆ ನೆಡುವ ಮರಳುಮಣ್ಣಿಗೆ ಹಗುರ ಯಂತ್ರ ಸಾಕು. ತೀರಾ ಪುಡಿ ಮಾಡಿದರೆ ಮಣ್ಣಿನ ತೇವವೇ ಹಾರಿಹೋಗುತ್ತದೆ. ಕಾರ್ಕಳದ ಎತ್ತರದ ಬೆಟ್ಟು ಜಾಗದಲ್ಲಿ ಮುರಕಲ್ಲಿನ ಚೂರು ಅಲಗನ್ನು ಒಂದೇ ಹಂಗಾಮಿನಲ್ಲಿ ತಿಂದುಹಾಕುತ್ತದೆ; ಅಲ್ಲಿ ಅಲಗಿನ ಉಕ್ಕು ಎಂಥದು, ಬದಲಿ ಅಲಗು ಹತ್ತಿರದಲ್ಲಿ ಸಿಗುತ್ತದೆಯೇ ಎಂಬುದೇ ಮುಖ್ಯ. ಬನ್ನಂಜೆಯಂಥ ಬೈಲಿಗೆ ಬೇಕಾದದ್ದು ಕೆಸರು ತಡೆಯುವ ಗಟ್ಟಿ ಸೀಲ್, ಹೂತುಹೋಗದ ತೂಕ, ಗಾಲಿಗೆ ಕಬ್ಬಿಣದ ಕೇಜ್ ವೀಲ್, ಅಂಟುಮಣ್ಣು ಮೆತ್ತಿಕೊಳ್ಳದ ಬಾಗಿದ ಅಲಗು. ಭತ್ತ ಕೊಯ್ದು ಉದ್ದು ಬಿತ್ತುವವರಿಗೆ ಇನ್ನೊಂದು ಚಿಂತೆ ಉಂಟು. ವರ್ಷಗಟ್ಟಲೆ ಒಂದೇ ಆಳಕ್ಕೆ ರೋಟವೇಟರ್ ಓಡಿಸಿದರೆ ಕೆಳಗೆ ಮಣ್ಣು ಹಲಗೆಯ ಹಾಗೆ ಗಟ್ಟಿಯಾಗುತ್ತದೆ. ಭತ್ತಕ್ಕೆ ಅದು ನೀರು ನಿಲ್ಲಿಸಿಕೊಡುತ್ತದೆ, ಉದ್ದಿನ ಬೇರನ್ನು ಮಾತ್ರ ತಡೆಯುತ್ತದೆ. ಇಂಥ ಮಾತು ಯಾವ ಅಂಗಡಿಯಲ್ಲೂ ನನ್ನ ಕಿವಿಗೆ ಬಿದ್ದಿಲ್ಲ.

1974ರ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರರಾಗಿದ್ದ ನಮ್ಮಂಥವರು ಗದ್ದೆಯ ಒಡೆಯರಾದೆವು. ಸಣ್ಣ ಹಿಡುವಳಿ ನಮ್ಮ ಜಿಲ್ಲೆಯ ನಿಜ ಸ್ಥಿತಿ; ಯಂತ್ರವೂ ಅದಕ್ಕೆ ಹೊಂದಬೇಕು. 2021ರಲ್ಲಿ ಕೇದಾರೋತ್ಥಾನ ಟ್ರಸ್ಟ್ ಹಡಿಲು ಭೂಮಿ ಆಂದೋಲನ ನಡೆಸಿದಾಗ ವರ್ಷಗಳಿಂದ ಬೇಸಾಯವಿಲ್ಲದೆ ಹಡಿಲು ಬಿದ್ದ ಗದ್ದೆಗಳಿಗೆ ಯಂತ್ರ ಇಳಿಯಿತು, ಜನ ಮತ್ತೆ ನೇಜಿ ನೆಟ್ಟರು. ಗದ್ದೆ ಹಡಿಲು ಬೀಳುವುದು ಸೋಮಾರಿತನದಿಂದಲ್ಲ. ಆಳು ಸಿಗದೆ, ಹೊಂದುವ ಯಂತ್ರವೂ ಸಿಗದೆ, ಒಂದು ಮಳೆಗಾಲ ತಪ್ಪಿದರೆ ಮರುವರ್ಷ ಕಳೆ ಎದೆಯೆತ್ತರಕ್ಕೆ ಬರುತ್ತದೆ. ಆಮೇಲೆ ಮಣ್ಣು ತುಂಬಿಸುವ ಲಾರಿ ಬರುತ್ತದೆ. ನಮ್ಮ ಸುತ್ತಮುತ್ತ ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ.

ಬಾಡಿಗೆಗೆ ಯಂತ್ರ ಸಿಗುವ ಕೃಷಿ ಯಂತ್ರಧಾರೆಯ ವ್ಯವಸ್ಥೆ ಒಳ್ಳೆಯದು. ಆದರೆ ಮುಂಗಾರಿನ ಏಣೆಲು ಬೆಳೆಯ ಉಳುಮೆಗೆ ಎಲ್ಲರಿಗೂ ಬೇಕಾಗುವುದು ಅದೇ ಎರಡು ವಾರ. ಹಾಗಾಗಿ ಸ್ವಂತಕ್ಕೆ ಕೊಳ್ಳುವವರು ಕೊಳ್ಳುತ್ತಲೇ ಇರುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮತ್ತು ಉಳುಮೆ ಯಂತ್ರಗಳ ಜಿ.ಎಸ್.ಟಿ. ಶೇ. 12ರಿಂದ 5ಕ್ಕೆ ಇಳಿದಿದೆ. ಈ ಸಲ ಇನ್ನಷ್ಟು ಮಂದಿ ಕೊಳ್ಳುತ್ತಾರೆ, ಅದಕ್ಕೇ ಈ ಪತ್ರವನ್ನು ಈಗಲೇ ಬರೆಯುತ್ತಿದ್ದೇನೆ.

ಸಹಾಯಧನ ಸರ್ಕಾರದ ಹಣ, ಅಂದರೆ ಊರವರ ಹಣ. ಅದು ಹೊಂದದ ಯಂತ್ರಕ್ಕೆ ಹೋದರೆ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತದೆ. ಆದ್ದರಿಂದ ನನ್ನ ಬೇಡಿಕೆ ಇಷ್ಟು. ಪಟ್ಟಿಯಲ್ಲಿರುವ ಪ್ರತಿ ರೋಟವೇಟರಿನ ಅಗಲ, ತೂಕ, ಬೇಕಾದ ಪಿಟಿಒ ಶಕ್ತಿ, ಅಲಗಿನ ಬಗೆ, ನೀರಿನಲ್ಲಿ ಓಡಿಸಬಹುದೋ ಇಲ್ಲವೋ ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಕೊಡಿ. ಮೂರೂವರೆ, ನಾಲ್ಕು ಅಡಿಯ ಮಾದರಿಗಳು ಹಂಗಾಮಿಗೆ ಮೊದಲೇ ಜಿಲ್ಲೆಯಲ್ಲಿ ಸಿಗುವ ಹಾಗೆ ಮಾಡಿ. ಸೀಲ್, ಅಲಗು, ಶಿಯರ್ ಬೋಲ್ಟ್ ಇಟ್ಟುಕೊಳ್ಳದ ಅಂಗಡಿಗೆ ಸಹಾಯಧನದ ಮಾರಾಟ ಬೇಡ. ಎಲ್ಲಕ್ಕಿಂತ ಮೊದಲು, ಮಾರುವ ಯಂತ್ರವನ್ನು ಒಂದು ದಿನ ನಿಜವಾದ ಬೈಲಿನಲ್ಲಿ ಓಡಿಸಿ ತೋರಿಸಿ. ಬ್ರಹ್ಮಾವರದಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ, ಅಲ್ಲಿನ ತಜ್ಞರನ್ನೂ ಕರೆಯೋಣ. ಟಾರು ಹಾಕಿದ ಅಂಗಳದಲ್ಲಿ ಗಾಳಿಗೆ ತಿರುಗಿಸಿ ತೋರಿಸುವುದು ನಮಗೆ ಬೇಡ.

ಜಾಗ ಎಲ್ಲಿದೆ ಎಂದು ಕೇಳುವುದಾದರೆ ನಮ್ಮ ಬೈಲು ಗದ್ದೆ ಇದೆ. ಮೇ ಕೊನೆಯ ಪತ್ತನಾಜೆಯ ನಂತರ ಮೊದಲ ನಾಲ್ಕು ಮಳೆ ಬಿದ್ದಮೇಲೆ ಯಾವ ದಿನವಾದರೂ ಆದೀತು. ಹುಣಿ ಕಡಿದು ದಾರಿ ಮಾಡಿಕೊಡುತ್ತೇನೆ. ಪಕ್ಕದ ಮನೆಯವರ ಅಂಗಳದಿಂದ ಯಂತ್ರ ದಾಟಿಸಲು ಈಗಾಗಲೇ ಅವರ ಒಪ್ಪಿಗೆ ಕೇಳಿ ಇಟ್ಟುಕೊಂಡಿದ್ದೇನೆ.

ಇಂತಿ,
ಬನ್ನಂಜೆಯ ಒಬ್ಬ ಗದ್ದೆ ಬೇಸಾಯಗಾರ